ಲೂಪ್‌ಬ್ಯಾಕ್ ಮತ್ತು ದೋಷದರ ಪರೀಕ್ಷೆ: ದತ್ತಾಂಶ ಲೈನಿನ ದೋಷಶೋಧನೆಯ ಇತಿಹಾಸ

ದತ್ತಾಂಶ ಸಾಗಿಸುವ ಲೈನು ಅಥವಾ ಅದರ ಉಪಕರಣ ಕೆಟ್ಟಾಗ, ಕಳಿಸಿದ ಸಂಕೇತವನ್ನು ದಾರಿಯ ಒಂದು ಗೊತ್ತಾದ ಜಾಗದಿಂದ ಹಿಂದಕ್ಕೆ ತಿರುಗಿಸುವುದು ಲೂಪ್‌ಬ್ಯಾಕ್. ಹಾಗೆ ಮರಳಿದ ಬಿಟ್‌ಗಳಲ್ಲಿ ಎಷ್ಟು ತಪ್ಪಿವೆ ಎಂದು ಎಣಿಸುವುದು ದೋಷದರ ಪರೀಕ್ಷೆ. ದೋಷ ಎಲ್ಲಿದೆ ಎಂಬುದು ಲೂಪ್‌ನಿಂದ ತಿಳಿಯುತ್ತದೆ. ಎಷ್ಟಿದೆ ಎಂಬುದು ಎಣಿಕೆಯಿಂದ. ಒಂದೇ ಲೈನು ಗ್ರಾಹಕ, ಎಕ್ಸ್‌ಚೇಂಜ್, ಟ್ರಾನ್ಸ್‌ಮಿಷನ್ ಎಂದು ಮೂರು ಕೈ ದಾಟಿ ಹೋಗುವಲ್ಲಿ ಇವೆರಡೂ ಕೂಡಿದರೆ ಮಾತ್ರ ಹೊಣೆ ಯಾರದೆಂದು ತೀರ್ಮಾನವಾಗುತ್ತದೆ.

ಈ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. ಭಾರತದಲ್ಲಿ ವಿಲಿಯಂ ಓಶಾನೆಸಿ 1839ರಲ್ಲಿ ಕಲ್ಕತ್ತಾದಲ್ಲಿ ತಂತಿ ಸಂದೇಶದ ಪ್ರಯೋಗ ನಡೆಸಿದ. 1850ರ ದಶಕದಲ್ಲಿ ತಂತಿ ಜಾಲ ದೇಶವಿಡೀ ಹಬ್ಬಿತು. ಎಲ್ಲೋ ನೆಲಕ್ಕೆ ತಾಗಿದ ತಂತಿಯನ್ನು ಕಂಬದಿಂದ ಕಂಬಕ್ಕೆ ನಡೆದು ಹುಡುಕುವ ಕಷ್ಟವನ್ನು ಮರ್ರಿ ಮತ್ತು ವಾರ್ಲಿ ಅವರ ಹೆಸರಿನ ಲೂಪ್ ಪರೀಕ್ಷೆಗಳು ನೀಗಿಸಿದವು. ಕೆಟ್ಟ ತಂತಿಯನ್ನು ಆಚೆ ತುದಿಯಲ್ಲಿ ಒಳ್ಳೆಯ ತಂತಿಗೆ ಸೇರಿಸಿ, ಈಚೆ ತುದಿಯಲ್ಲಿ ವೀಟ್‌ಸ್ಟನ್ ಸೇತುವೆಯಿಂದ ರೋಧವನ್ನು ಅಳೆಯುವುದು ಇದರ ಕ್ರಮ. ಕಾರವಾರದಿಂದ ಅಂಕೋಲೆಗೆ 35 ಕಿ.ಮೀ. ಉದ್ದದ ಒಂದೇ ದಪ್ಪದ ಎರಡು ತಂತಿಗಳಿವೆ ಎನ್ನಿ: ಲೂಪ್ 70 ಕಿ.ಮೀ. ಆಗುತ್ತದೆ. ಸೇತುವೆ ಹತ್ತರಲ್ಲಿ ಎರಡು ಪಾಲು ತೋರಿಸಿದರೆ ದೋಷ ಕಾರವಾರದಿಂದ 14 ಕಿ.ಮೀ. ದೂರದಲ್ಲಿದೆ. ಲೈನ್‌ಮನ್ ನೇರ ಅಲ್ಲಿಗೇ ಹೋಗಬಹುದು.

ಮೋಡೆಮ್ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ತಂತಿ ತುಂಡಾಗದೆಯೂ ದತ್ತಾಂಶ ಕೆಡತೊಡಗಿತು. ಅಂತರರಾಷ್ಟ್ರೀಯ ಸಲಹಾ ಸಮಿತಿ ಸಿಸಿಐಟಿಟಿ ತನ್ನ ವಿ.52 ಶಿಫಾರಸಿನಲ್ಲಿ 511 ಬಿಟ್‌ಗಳ ಹುಸಿ ಯಾದೃಚ್ಛಿಕ ಮಾದರಿಯನ್ನು ಗೊತ್ತುಮಾಡಿತು. ಪಡೆಯುವ ಯಂತ್ರ ಅದೇ ಮಾದರಿಯನ್ನು ತಾನೂ ಹುಟ್ಟಿಸಿ, ಬಂದದ್ದರೊಡನೆ ಬಿಟ್ ಬಿಟ್ಟಾಗಿ ತಾಳೆ ನೋಡುತ್ತದೆ. ವಿ.54 ಲೂಪ್‌ಗಳಿಗೆ ಒಂದರಿಂದ ನಾಲ್ಕರವರೆಗೆ ಸಂಖ್ಯೆ ಕೊಟ್ಟಿತು. ಇವುಗಳಲ್ಲಿ ಹೆಚ್ಚು ಬಳಕೆಯಾದವು ಎರಡು: ನಮ್ಮ ಮೋಡೆಮ್‌ನ ಲೈನ್ ಬದಿಯಿಂದಲೇ ಮರಳಿಸುವ ಮೂರನೆಯದು, ದೂರದ ಮೋಡೆಮ್‌ನ ಡಿಜಿಟಲ್ ಬದಿಯಿಂದ ಮರಳಿಸುವ ಎರಡನೆಯದು.

ಕರ್ನಾಟಕದಲ್ಲಿ ಈ ಪರೀಕ್ಷೆಗಳು ದಿನದ ಕೆಲಸವಾದದ್ದು 1980ರ ದಶಕದ ನಂತರ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಬಂದದ್ದು ಕಿತ್ತೂರಿಗೆ. ಅದೇ ದಶಕದ ಕೊನೆಗೆ ಸರ್ಕಾರಿ ಕಚೇರಿಗಳ ಜಾಲ ನಿಕ್‌ನೆಟ್ ಉಪಗ್ರಹದ ಮೂಲಕ ಜಿಲ್ಲಾ ಕೇಂದ್ರಗಳನ್ನು ಮುಟ್ಟಿತು. ‘ಭೂಮಿ’ ಯೋಜನೆ ಪಹಣಿಯನ್ನು ತಾಲೂಕು ಕಚೇರಿಯ ಕಂಪ್ಯೂಟರಿಗೆ ತಂದಿತು. 2005ರಲ್ಲಿ ಕೇಂದ್ರ ಒಪ್ಪಿದ ರಾಜ್ಯವ್ಯಾಪಿ ಜಾಲ ಯೋಜನೆಯಡಿ ಬಂದ ಕರ್ನಾಟಕದ ಜಾಲ ಕೆಸ್ವಾನ್, ಜಿಲ್ಲೆ ಮತ್ತು ತಾಲೂಕುಗಳ ನಡುವೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕವನ್ನು ಗುರಿಯಾಗಿಸಿತು. ಲೈನು ಬಿದ್ದರೆ ಕೌಂಟರಿನ ಮುಂದೆ ರೈತ ಕಾಯಬೇಕು. ಈ ಪರೀಕ್ಷೆಯ ಬೆಲೆ ತಿಳಿಯುವುದು ಅಲ್ಲೇ.

ಅಂಕೋಲೆಗೆ ಹೊಂದಿಕೊಂಡ ಬೊಬ್ರುವಾಡದಲ್ಲಿರುವ ಒಂದು ಕಚೇರಿಯಿಂದ ಕಾರವಾರಕ್ಕೆ 64 ಕೆಬಿಪಿಎಸ್ ಲೀಸ್ಡ್ ಲೈನನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಮೋಡೆಮ್‌ನಿಂದ ಹೊರಟ ತಾಮ್ರದ ಜೋಡಿ, ತಂತಿ ಹಂಚುವ ಡಿ.ಪಿ. ಪೆಟ್ಟಿಗೆ, ಪಿಲ್ಲರ್, ಎಕ್ಸ್‌ಚೇಂಜಿನ ಮುಖ್ಯ ಹಂಚಿಕೆ ಚೌಕಟ್ಟಾದ ಎಂ.ಡಿ.ಎಫ್. ದಾಟಿ, ಹಲವು ಲೈನುಗಳನ್ನು ಒಂದಾಗಿಸುವ ಮಕ್ಸ್ ಸೇರುತ್ತದೆ. ಕರಾವಳಿಯ ಮಳೆಯಲ್ಲಿ ಜಾಯಿಂಟಿಗೆ ನೀರು ಹೊಕ್ಕು ಇನ್ಸುಲೇಶನ್ ಇಳಿಯುತ್ತದೆ, ಉಪ್ಪುಗಾಳಿಗೆ ಡಿ.ಪಿ.ಯ ಸ್ಕ್ರೂಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಮೊದಲು ಮೂರನೇ ಲೂಪ್ ಹಾಕಬೇಕು. ತಪ್ಪು ಸೊನ್ನೆ ಬಂದರೆ ಇಲ್ಲಿನ ಮೋಡೆಮ್ ನಿರ್ದೋಷಿ. ಬಳಿಕ ‘ಆ ಕಡೆಯಿಂದ ಲೂಪ್ ಕೊಡಿ’ ಎಂದು ಎಕ್ಸ್‌ಚೇಂಜಿಗೆ ಫೋನ್ ಮಾಡಬೇಕು. ಆಗ ತಪ್ಪುಗಳು ಏರಿದರೆ ನಡುವಿನ ತಾಮ್ರವನ್ನೋ ಎಕ್ಸ್‌ಚೇಂಜಿನ ಮೋಡೆಮನ್ನೋ ನೋಡಬೇಕು. ಏರದಿದ್ದರೆ ಲೂಪನ್ನು ಇನ್ನೂ ಮುಂದಕ್ಕೆ, ಮಕ್ಸ್ ದಾಟಿಸಿ ಕಾರವಾರದವರೆಗೆ ಒಯ್ಯಬೇಕು. ಒಂದು ನಿಮಿಷ ಲೂಪ್ ನೋಡಿ ‘ಲೈನ್ ಸರಿಯಿದೆ’ ಎಂದು ದೂರನ್ನು ಮುಚ್ಚಿಬಿಡುವ ರೂಢಿ ಗ್ರಾಹಕನಿಗೆ ಮಾಡುವ ಅನ್ಯಾಯ. ಮಳೆಯಲ್ಲಿ ಕೆಡುವ ಲೈನನ್ನು ಮಳೆಯಲ್ಲೇ ಅಳೆಯಬೇಕು.

ಅವಧಿಯದೂ ಒಂದು ಲೆಕ್ಕವಿದೆ. ದೋಷದರ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎಂದು ಶೇ. 95 ಭರವಸೆಯಿಂದ ಹೇಳಬೇಕಾದರೆ ಸುಮಾರು 30 ಲಕ್ಷ ಬಿಟ್‌ಗಳು ತಪ್ಪಿಲ್ಲದೆ ದಾಟಬೇಕು. 64 ಕೆಬಿಪಿಎಸ್‌ನಲ್ಲಿ ಇದಕ್ಕೆ 47 ಸೆಕೆಂಡು ಸಾಕು. ನೂರು ಕೋಟಿಗೆ ಒಂದು ಎನ್ನಲು 2 ಎಂಬಿಪಿಎಸ್ ಲೈನಿನಲ್ಲೂ ಸುಮಾರು 24 ನಿಮಿಷ ಬೇಕು. ಸರಾಸರಿಯನ್ನಷ್ಟೇ ನಂಬುವಂತೆಯೂ ಇಲ್ಲ. ಇಡೀ ದಿನದ ತಪ್ಪುಗಳು ಒಂದೇ ಗಳಿಗೆಯಲ್ಲಿ ಗುಂಪಾಗಿ ಬಂದಿರಬಹುದು. ಅದಕ್ಕಾಗಿಯೇ ಜಿ.821 ಶಿಫಾರಸು ತಪ್ಪಿದ ಸೆಕೆಂಡುಗಳನ್ನೇ ಎಣಿಸುವ ಕ್ರಮ ತಂದಿತು; ಸಾವಿರಕ್ಕೆ ಒಂದು ಬಿಟ್‌ಗಿಂತ ಹೆಚ್ಚು ಕೆಟ್ಟದ್ದು ತೀವ್ರದೋಷದ ಸೆಕೆಂಡು.

ಲೂಪ್‌ಗೆ ಕಾಣದ ದೋಷವೂ ಒಂದಿದೆ: ಗಡಿಯಾರದ್ದು. ಲೂಪ್‌ನಲ್ಲಿ ಯಂತ್ರಕ್ಕೆ ಮರಳುವುದು ತನ್ನದೇ ಗತಿ. ಆದ್ದರಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ. ಎರಡು ತುದಿಗಳ ಗಡಿಯಾರಗಳು ಬೇರೆಯಾಗಿದ್ದು, 2 ಎಂಬಿಪಿಎಸ್ ಲೈನಿಗೆ ಅನುಮತಿಸಿದ ಮಿತಿಯಾದ ಹತ್ತು ಲಕ್ಷಕ್ಕೆ 50ರಷ್ಟು ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೋದರೆ, ಪ್ರತಿ 1.25 ಸೆಕೆಂಡಿಗೆ ಒಂದು ಫ್ರೇಮ್, ಅಂದರೆ ಬಿಟ್‌ಗಳ ಒಂದು ಕಟ್ಟು, ಜಾರುತ್ತದೆ. ಇದು ಲೂಪ್ ತೆಗೆದು, ಎರಡೂ ತುದಿಗಳಲ್ಲಿ ಯಂತ್ರವಿಟ್ಟು ಅಳೆದಾಗ ಮಾತ್ರ ಸಿಕ್ಕಿಬೀಳುತ್ತದೆ.

ಈಥರ್ನೆಟ್ ಬಂದ ಮೇಲೆ ಬರಿಯ ಲೂಪ್ ಅಪಾಯಕಾರಿಯೂ ಆಯಿತು. ಮರಳಿದ ಫ್ರೇಮ್‌ಗಳು ಸ್ವಿಚ್ಚುಗಳಲ್ಲಿ ಸುತ್ತುತ್ತ ಜಾಲವನ್ನೇ ಮುಳುಗಿಸಬಲ್ಲವು. ವಿಳಾಸಗಳನ್ನು ಅದಲುಬದಲು ಮಾಡಿ ಮರಳಿಸುವ ಲೂಪ್ ಹಾಗೂ 2011ರ ವೈ.1564 ಪರೀಕ್ಷೆ ಅದರ ಜಾಗಕ್ಕೆ ಬಂದವು. ಅದೇ ವರ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೂ ಕೇಂದ್ರದ ಒಪ್ಪಿಗೆ ಸಿಕ್ಕಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಇಂದಿನ ವೇಗದ ಫೈಬರ್ ಲಿಂಕುಗಳಲ್ಲಿ ತಪ್ಪುಗಳನ್ನು ಉಪಕರಣವೇ ತಿದ್ದಿಕೊಳ್ಳುವುದರಿಂದ ಗ್ರಾಹಕನಿಗೆ ಏನೂ ಕಾಣುವುದಿಲ್ಲ. ತಿದ್ದುವ ಮುಂಚಿನ ದೋಷದರ ಏರುತ್ತಿರುವುದನ್ನು ಗಮನಿಸುವ ಸಿಬ್ಬಂದಿ ಮಾತ್ರ, ಲಿಂಕ್ ಬೀಳುವ ಮೊದಲೇ ಕನೆಕ್ಟರ್ ಒರೆಸಲು ಹೋಗಬಲ್ಲರು.