ನಾಯಿ ತಟ್ಟೆಯ ಎಚ್ಚರಿಕೆ: ಯಾವುದು ದಿಟ, ಯಾವುದು ಗಾಳಿಸುದ್ದಿ?

ಹೋದ ವಾರ ನಮ್ಮ ಕಡೆ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತು. "ಈ ಫೀಡ್ ತಿಂದು ನಾಯಿಗಳು ಸಾಯ್ತಾ ಇವೆ, ಗಬ್ಬದ ಹಸುಗಳು ಕಂದು ಹಾಕ್ತಾ ಇವೆ, ಎಲ್ಲರಿಗೂ ಕಳಿಸಿ" ಅಂತ. ಎಲ್ಲಿ ಅಂತ ಕೇಳಿದ್ರೆ ಪಾಂಡವಪುರದವರು ಕೆ.ಆರ್.ಪೇಟೆ ಅಂದ್ರು, ಕೆ.ಆರ್.ಪೇಟೆಯವರು ನಾಗಮಂಗಲ ಅಂದ್ರು, ನಾಗಮಂಗಲದವರು ಶ್ರೀರಂಗಪಟ್ಟಣದ ಕಡೆ ಕೈ ತೋರಿಸಿದ್ರು. ಸತ್ತ ನಾಯಿಯನ್ನ ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಅಷ್ಟರಲ್ಲಿ ಪಕ್ಕದ ಮನೆ ಅಣ್ಣ ಮೂರು ಚೀಲ ಫೀಡ್ ತಿಪ್ಪೆಗೆ ಸುರಿಯಕ್ಕೆ ಹೊರಟಿದ್ರು. "ತಡೀ ಅಣ್ಣ" ಅಂತ ನಿಲ್ಲಿಸಿದೆ. ನಿಲ್ಲಿಸಿದ್ದಕ್ಕೆ ನನ್ನದೇ ಒಂದು ಹಳೇ ತಪ್ಪು ಕಾರಣ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಒಂದು ಮಾತು. ಎಲ್ಲಾ ಎಚ್ಚರಿಕೆನೂ ಸುಳ್ಳಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಯಾವ ರೋಗ ಅಂತ ಗೊತ್ತಾಗದೆ 'ಟರ್ಕಿ ಎಕ್ಸ್' ಅಂತ ಹೆಸರಿಟ್ಟರು. ಮೊದಲು ಅಂಟುರೋಗ ಅಂದುಕೊಂಡರು. ಕೊನೆಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡ್ಲೇಕಾಯಿ ಹಿಂಡಿ. ಅದರಲ್ಲಿ ಬೆಳೆದ ಬೂಷ್ಟು ಬಿಟ್ಟ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರು ಬಂತು. ದೂರದ ಕಥೆ ಅನ್ನಬೇಡಿ. 1966ರಲ್ಲಿ ನಮ್ಮ ಮೈಸೂರು ರಾಜ್ಯದಲ್ಲೇ ಇದೇ ವಿಷದ ಕಡ್ಲೇಕಾಯಿ ಹಿಂಡಿ ತಿಂದು ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿ ಸತ್ತ ದಾಖಲೆ ಇದೆ.

1974ರಲ್ಲಿ ರಾಜಸ್ಥಾನದ ಬಾಂಸವಾಡ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ಮುಸುಕಿನ ಜೋಳ ನೆನೆದು ಬೂಷ್ಟು ಹಿಡೀತು. ಬಡವರು ಬೇರೆ ದಾರಿ ಇಲ್ಲದೆ ಅದನ್ನೇ ತಿಂದರು, ನಾಯಿಗಳಿಗೂ ಅದನ್ನೇ ಹಾಕಿದರು. ಜನಕ್ಕೂ ನಾಯಿಗೂ ಒಂದೇ ಕಾಯಿಲೆ: ಕಾಮಾಲೆ, ಹೊಟ್ಟೆಯಲ್ಲಿ ನೀರು. ಲೆಕ್ಕಕ್ಕೆ ಸಿಕ್ಕ 397 ಜನರಲ್ಲಿ 106 ಜನ ತೀರಿಕೊಂಡರು. ನಾಯಿ ತಟ್ಟೆಗೆ ಬಂದ ವಿಷ ನಮ್ಮ ತಟ್ಟೆಯಿಂದ ದೂರ ಇರಲ್ಲ.

ಹಂಗಾದ್ರೆ ದಿಟದ ಎಚ್ಚರಿಕೆ ಹೆಂಗಿರುತ್ತೆ? 2007ರ ಮಾರ್ಚ್ 16ರಂದು ಮೆನು ಫುಡ್ಸ್ ಅನ್ನೋ ಕೆನಡಾ ಕಂಪನಿ ಆರು ಕೋಟಿ ನಾಯಿ-ಬೆಕ್ಕಿನ ಆಹಾರದ ಡಬ್ಬಿ, ಪೊಟ್ಟಣಗಳನ್ನ ವಾಪಸ್ ಕರೀತು. ಪ್ರಾಣಿಗಳ ಮೂತ್ರಪಿಂಡ ಕೆಡ್ತಾ ಇತ್ತು. ಮಾರ್ಚ್ 23ಕ್ಕೆ ನ್ಯೂಯಾರ್ಕ್ ರಾಜ್ಯದವರು "ಇಲಿ ಪಾಷಾಣದ ಜಾತಿಯ ಅಮಿನೋಪ್ಟೆರಿನ್" ಅಂದರು. ಮಾರ್ಚ್ 30ಕ್ಕೆ ಅಮೆರಿಕದ ಎಫ್‌ಡಿಎ "ನಮಗೆ ಅದು ಸಿಗಲಿಲ್ಲ, ಸಿಕ್ಕಿದ್ದು ಮೆಲಮೈನ್" ಅಂತು. ಚೀನಾದಿಂದ ಬಂದ ಗೋಧಿ ಅಂಟಿನಲ್ಲಿ ಅದನ್ನ ಬೆರೆಸಿದ್ದರು. ಪ್ರೋಟೀನ್ ಪರೀಕ್ಷೆ ಸಾರಜನಕವನ್ನ ಎಣಿಸುತ್ತೆ, ಮೆಲಮೈನ್ ಆ ಎಣಿಕೆ ಏರಿಸುತ್ತೆ. ಹಾಲಿಗೆ ಯೂರಿಯಾ ಬೆರೆಸೋ ಕಳ್ಳತನ ಗೊತ್ತಿರೋ ನಮಗೆ ಇದು ಬೇಗ ಅರ್ಥ ಆಗುತ್ತೆ. ಮರುವರ್ಷ ಅದೇ ಮೆಲಮೈನ್ ಚೀನಾದ ಮಕ್ಕಳ ಹಾಲಿನ ಪುಡಿಗೆ ಬಂತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಮಕ್ಕಳು ಸತ್ತರು.

ಇಲ್ಲಿ ಒಂದು ಸೂಕ್ಷ್ಮ ನೋಡಿ. ದಿಟದ ಎಚ್ಚರಿಕೆನೂ ಮೊದಲ ವಾರ ತಪ್ಪಬಹುದು. ಆದ್ರೆ ಅದು ಹೆಸರು ಹಾಕಿಕೊಂಡು ಮಾತಾಡುತ್ತೆ, ತಪ್ಪಿದ್ರೆ ಎಲ್ಲರ ಮುಂದೆ ತಿದ್ದಿಕೊಳ್ಳುತ್ತೆ. 2020ರ ಡಿಸೆಂಬರ್ 30ರಂದು ಸ್ಪೋರ್ಟ್‌ಮಿಕ್ಸ್ ನಾಯಿ ಆಹಾರದ ಬಗ್ಗೆ ಎಫ್‌ಡಿಎ ಎಚ್ಚರಿಸಿದಾಗಲೂ ಹಂಗೇ. ವಿಷ ಯಾವುದು (ಮತ್ತದೇ ಅಫ್ಲಾಟಾಕ್ಸಿನ್), ಯಾವ ಲಾಟ್ ನಂಬರ್, ಅವತ್ತಿಗೆ ಸತ್ತ ನಾಯಿ ಕಡೇ ಪಕ್ಷ 28, ಎಲ್ಲಾ ಬರೆದಿದ್ರು. ಜನವರಿಯಲ್ಲಿ ಪಟ್ಟಿ ಬೆಳೀತು, ಲೆಕ್ಕನೂ ತಿದ್ದಿದ್ರು. ಗಾಳಿಸುದ್ದಿ ಯಾವತ್ತೂ ತಿದ್ದಿಕೊಳ್ಳಲ್ಲ. ಅದಕ್ಕೆ ತಾರೀಕು ಇಲ್ಲ, ವಿಳಾಸ ಇಲ್ಲ. ಇರೋದು "ಎಲ್ಲರಿಗೂ ಕಳಿಸಿ" ಅನ್ನೋ ಅವಸರ ಒಂದೇ.

ಈಗ ನನ್ನ ತಪ್ಪು. 2020ರ ಮಾರ್ಚ್‌ನಲ್ಲಿ ಕೋಳಿ ತಿಂದ್ರೆ ಕೊರೊನಾ ಬರುತ್ತೆ ಅನ್ನೋ ಫೋಟೋ ನನಗೂ ಬಂತು. ನಾನೂ ನಾಲ್ಕು ಗ್ರೂಪ್‌ಗೆ ತಳ್ಳಿದೆ. ಕೇಂದ್ರದ ಪಶುಸಂಗೋಪನೆ ಇಲಾಖೆ ಕೋಳಿಯಿಂದ ಅದು ಹರಡಲ್ಲ ಅಂತ ಹೇಳಿತ್ತು. ನಾನು ಓದಲಿಲ್ಲ. ರಾಜ್ಯದಲ್ಲಿ ಕೋಳಿ ಬೆಲೆ ನೆಲ ಕಚ್ತು, ಕೆಲವು ಕಡೆ ಜೀವಂತ ಕೋಳಿಗಳನ್ನೇ ಗುಂಡಿಗೆ ಹಾಕಿದ್ರು. ನಮ್ಮೂರಲ್ಲಿ ಸಾಲ ಮಾಡಿ ಶೆಡ್ ಕಟ್ಟಿದ್ದ ಹುಡುಗ ಸಿಕ್ಕಷ್ಟಕ್ಕೆ ಮಾರಿ ಕೈ ತೊಳ್ಕೊಂಡ. ಆ ಶೆಡ್‌ನಲ್ಲಿ ಈಗ ಹುಲ್ಲು ತುಂಬಿದೆ. "ನೀನೂ ಕಳಿಸಿದ್ದೆ ಅಲ್ವಾ ಅಣ್ಣ" ಅಂತ ಅವನು ಒಂದ್ಸಲ ಕೇಳಿದ, ನಾನು ತಲೆ ಎತ್ತಲಿಲ್ಲ.

ವಿಚಿತ್ರ ಏನಂದ್ರೆ, ಅದೇ ತಿಂಗಳು ಪಕ್ಕದ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನಿಜವಾದ ಹಕ್ಕಿಜ್ವರ ಬಂತು. ಭೋಪಾಲ್ ಪ್ರಯೋಗಾಲಯದಲ್ಲಿ ಖಚಿತ ಆಯ್ತು, ಜಿಲ್ಲಾಡಳಿತ ಜಾಗದ ಹೆಸರು ಹೇಳಿ ಅಲ್ಲಿನ ಕೋಳಿ ತೆಗೆಸಿತು. ಸುಳ್ಳು ಸುದ್ದಿ ಕೇಳಿ ಕೇಳಿ ಸಾಕಾಗಿದ್ದ ನಮ್ಮಲ್ಲಿ ಕೆಲವರು ಅದನ್ನೂ "ಬುಡಿ, ಅದೂ ಗಾಳಿಸುದ್ದಿ" ಅಂದ್ರು. ಸುಳ್ಳಿನ ದೊಡ್ಡ ಕೆಡುಕು ಇದೇ: ದಿಟ ಬಂದಾಗ ಕಿವಿ ಕೇಳಿಸಲ್ಲ.

ಅದಕ್ಕೇ ಅಣ್ಣನ್ನ ನಿಲ್ಲಿಸಿ ಚೀಲ ಬಿಚ್ಚಿ ನೋಡಿದ್ವಿ. ಎರಡು ಚೀಲ ಒಣಗಿ ಚೆನ್ನಾಗಿದ್ದವು. ಮೂರನೇದು ಒದ್ದೆ ಗೋಡೆಗೆ ಒರಗಿಸಿದ್ದು, ತಳದಲ್ಲಿ ಗಂಟು ಕಟ್ಟಿ ಹಸಿರು ಬೂಷ್ಟು. ಮೆಸೇಜ್ ಹೇಳಿದ ವಿಷ ಎಲ್ಲೂ ಇಲ್ಲ, ಅಪಾಯ ಇದ್ದದ್ದು ನಮ್ಮ ಕೊಟ್ಟಿಗೆಯಲ್ಲೇ. ಆ ಚೀಲ ಗುಂಡಿ ತೋಡಿ ಮುಚ್ಚಿದ್ವಿ. ಅದನ್ನ ಬೇಯಿಸಿ ನಾಯಿಗೆ ಹಾಕೋಣ ಅಂದ್ರು ಅತ್ತಿಗೆ. ಬೇಡ ಅಂದೆ. ಈ ವಿಷ ಬೇಯಿಸಿದ್ರೆ ಹೋಗಲ್ಲ. ಹಸು ತಿಂದ್ರೆ ಹಾಲಿಗೂ ಇಳಿಯುತ್ತೆ.

ಇನ್ನು ಮುಂದೆ ಇಂಥ ಮೆಸೇಜ್ ಬಂದ್ರೆ ನಾಲ್ಕು ಕೇಳಿ: ಯಾವ ಊರು, ಯಾವ ತಾರೀಕು, ಯಾವ ಬ್ಯಾಚ್, ಯಾರು ಪರೀಕ್ಷೆ ಮಾಡಿದ್ರು? ಉತ್ತರ ಇಲ್ಲ ಅಂದ್ರೆ ಮುಂದಕ್ಕೆ ತಳ್ಳಬೇಡಿ. ಆದ್ರೆ ನಿಮ್ಮದೇ ನಾಯಿ, ಹಸು ಮೇವು ಬಿಟ್ರೆ ಮೆಸೇಜ್‌ಗೆ ಕಾಯಬೇಡಿ. ಆ ಫೀಡ್ ನಿಲ್ಲಿಸಿ, ಚೀಲದ ಚೀಟಿ ಎಸೀಬೇಡಿ, ಒಂದು ಹಿಡಿ ಫೀಡ್ ಕಾಗದದಲ್ಲಿ ಕಟ್ಟಿಡಿ, ಪಶುವೈದ್ಯರಿಗೋ 1962ಕ್ಕೋ ಫೋನ್ ಮಾಡಿ. ಮಳೆಗಾಲದಲ್ಲಿ ಚೀಲದ ಕೆಳಗೆ ಹಲಗೆ ಹಾಕಿ, ಗೋಡೆಯಿಂದ ಒಂದು ಮೊಳ ದೂರ ಇಡಿ.

ಅಣ್ಣನ ಮನೇಲಿ ಹಲಗೆ ನಿನ್ನೆ ಹಾಕಿದ್ವಿ. ನಮ್ಮನೇದು ಇವತ್ತು.