ಮಾಟುಂಗದ ಅನಿಲಕುಂಡದ ಕಾಲವಿಚಾರ

ಪಟ್ಟಣದ ಮಲಿನಜಲದಿಂದ ಉರಿಯುವ ಅನಿಲವನ್ನು ಪಡೆದು ಉಪಯೋಗಿಸಿದ ಆದ್ಯಸ್ಥಳಗಳಲ್ಲಿ ಮುಂಬಯಿಯ ಕುಷ್ಠರೋಗಿಗಳ ಆಶ್ರಮವೂ ಒಂದೆಂಬುದು ಆ ಶಾಸ್ತ್ರದ ಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಆದರೆ ಕಾಲದ ವಿಷಯದಲ್ಲಿ ಅವು ಏಕಮತವಾಗಿಲ್ಲ. ಕೆಲವು 1859ನ್ನು ಹೇಳುತ್ತವೆ. ಕೆಲವು ಮಾಟುಂಗವೆಂದು ಸ್ಥಳವನ್ನು ನಿರ್ದೇಶಿಸಿ 1897ನ್ನು ಹೇಳುತ್ತವೆ. ಹಿಂದಿನ ವರ್ಷವೇ ಗ್ರಂಥದಿಂದ ಗ್ರಂಥಕ್ಕೆ ಹೆಚ್ಚಾಗಿ ಸಾಗಿಬಂದಿದೆ. ಇವೆರಡರಲ್ಲಿ ಗ್ರಾಹ್ಯವಾದುದು ಯಾವುದೆಂಬುದನ್ನು ಆ ಪಟ್ಟಣದ ಚರಿತ್ರೆಯಿಂದಲೇ ವಿಚಾರಿಸಬಹುದು.

ಮುಂಬಯಿ ಮೂಲತಃ ಏಳು ದ್ವೀಪಗಳ ಸಮೂಹ. ಹದಿನೆಂಟನೆಯ ಶತಮಾನದಲ್ಲಿ ಹಾರ್ನ್‌ಬಿ ಗವರ್ನರನ ಕಾಲದ ಒಡ್ಡು ಮಹಾಲಕ್ಷ್ಮಿ ಮತ್ತು ವರಳಿಗಳ ನಡುವೆ ಸಮುದ್ರವನ್ನು ತಡೆಯಿತು. ನೆಲವೇನೋ ದೊರಕಿತು, ಆದರೆ ಅದರಲ್ಲಿ ಬಹುಭಾಗ ಭರತದ ಮಟ್ಟಕ್ಕಿಂತ ತಗ್ಗು. ಇಳಿತದ ವೇಳೆಯಲ್ಲಿ ತೂಬುಗಳನ್ನು ತೆರೆದಲ್ಲದೆ ನೀರು ಹೊರಹೋಗದು. ಹೀಗೆ ಕಡಲಿನ ನಡುವೆ ಇದ್ದೂ ಕೊಳೆಯನ್ನು ಕಡಲಿಗೆ ಸೇರಿಸುವುದೇ ಈ ಪಟ್ಟಣಕ್ಕೆ ದುಸ್ಸಾಧ್ಯವಾಯಿತು. ಮುಂದೆ ವರಳಿಯ ಲವ್‌ಗ್ರೋವ್‌ನಲ್ಲಿ ಯಂತ್ರದಿಂದ ಮಲಿನಜಲವನ್ನು ಎತ್ತಿ ಹೊರಹಾಕಬೇಕಾದುದಕ್ಕೆ ಇದೇ ಕಾರಣ.

1859ರಲ್ಲಿ ಈ ದ್ವೀಪಕ್ಕೆ ಕೊಳಾಯಿಯ ನೀರು ಇನ್ನೂ ಬಂದಿರಲಿಲ್ಲ. ಜನರು ಬಾವಿ ಮತ್ತು ಕೆರೆಗಳನ್ನು ನಂಬಿದ್ದರು. ಮಲವನ್ನು ಮನೆಮನೆಯಿಂದ ಹೊತ್ತು ಸಾಗಿಸುತ್ತಿದ್ದವರು ಹಲಾಲ್‌ಖೋರರು. 1888ರ ಪೌರಶಾಸನದಲ್ಲಿ ಈ ಕೆಲಸಕ್ಕಾಗಿ ಅವರ ಹೆಸರಿನದೇ ಒಂದು ತೆರಿಗೆಯಿತ್ತು. ವಿಹಾರದ ನೀರು ಪಟ್ಟಣವನ್ನು ಸೇರಿದುದು 1860ರಲ್ಲಿ, ತುಳಸಿಯದು 1879ರಲ್ಲಿ, ತಾನ್ಸಾದ ನೀರು 1892ರಲ್ಲಿ. ನೀರು ಹೆಚ್ಚಿದಂತೆ ಮಲವು ನೀರಿನೊಡನೆ ಹರಿಯತೊಡಗಿತು; ಅದನ್ನು ಶುದ್ಧಿಗೊಳಿಸುವ ಚಿಂತೆಯೂ ಬೆಳೆಯಿತು. ನೀರಿಗಿಂತ ಮೊದಲೇ ಇಂಥ ಕುಂಡ ಹುಟ್ಟಿತೆನ್ನುವುದು ಕಾರ್ಯವನ್ನು ಕಾರಣಕ್ಕಿಂತ ಮುಂದಿಟ್ಟಂತಾಗುತ್ತದೆ.

ಇದಕ್ಕಿಂತ ಬಲವತ್ತರವಾದ ಪ್ರಮಾಣವು ಆಶ್ರಮದ ಜನ್ಮಕಾಲ. ಮಾಟುಂಗದ ಆಶ್ರಮವು 1890ರಲ್ಲಿ ಅಂದಿನ ಮುನಿಸಿಪಲ್ ಕಮಿಷನರ್ ಎಚ್. ಎ. ಆಕ್‌ವರ್ತ್‌ನ ಪ್ರಯತ್ನದಿಂದ ಸ್ಥಾಪಿತವಾಯಿತು. ಮರಾಠಿ ಪೋವಾಡಗಳನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದವನೆಂದು ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತನಾದವನು ಈತನೇ. ಶಾಸನವೊಂದರಲ್ಲಿ ಮುಂದೆ ಹುಟ್ಟಿದ ಅರಸನ ಹೆಸರಿದ್ದರೆ ಅದರಲ್ಲಿ ಬರೆದ ಶಕವರ್ಷವನ್ನು ಯಾರೂ ನಂಬರು. ಇಲ್ಲಿಯೂ ಅದೇ ನ್ಯಾಯ.

ಯಂತ್ರಗಳ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ಮಾಟುಂಗದ ಅನಿಲದಿಂದ ಎಂಜಿನ್ ನಡೆಯಿತೆಂದು ಹೇಳಲಾಗಿದೆ. ಬಳಕೆಗೆ ಬಂದ ಮೊದಲ ಅನಿಲ ಎಂಜಿನ್ ಫ್ರಾನ್ಸಿನಲ್ಲಿ ಲೆನ್ವಾರ್ ನಿರ್ಮಿಸಿದುದು, ಅದು 1860ರದು. ಎಂಜಿನ್ ಬೇಡ, ದೀಪಕ್ಕೆ ಮಾತ್ರ ಅನಿಲವನ್ನು ಬಳಸಿರಬಹುದೆಂದು ವಾದಿಸಿದರೂ ಪಕ್ಷವು ಉಳಿಯುವುದಿಲ್ಲ. ಮುಚ್ಚಿದ ಕುಂಡದಲ್ಲಿ ಮಲವನ್ನು ಕೊಳೆಯಿಸುವ ಕ್ರಮಕ್ಕೆ ಮೂರಾ ಎಂಬವನು ಫ್ರಾನ್ಸಿನಲ್ಲಿ ಹಕ್ಕುಪತ್ರ ಪಡೆದುದು 1881ರಲ್ಲಿ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಕ್ಯಾಮೆರಾನ್ ತನ್ನ ಕುಂಡವನ್ನು ಕಟ್ಟಿ ಅದರ ಅನಿಲದಿಂದ ದೀಪ ಹೊತ್ತಿಸಿದುದು 1895ರ ಸುಮಾರಿಗೆ. ಅದಾದ ಎರಡು ವರ್ಷಗಳೊಳಗೆ ಮಾಟುಂಗದ ಕಾರ್ಯ ನಡೆಯಿತೆಂಬುದು ಸಹಜವಾಗಿಯೇ ಹೊಂದುತ್ತದೆ. ಆದುದರಿಂದ 1897ನ್ನೇ ಅಂಗೀಕರಿಸುವುದು ಯುಕ್ತ.

ಈ ನಿರ್ಣಯದಿಂದ ಮುಂಬಯಿಯ ಕೀರ್ತಿಗೆ ಕುಂದುಂಟಾಗುವುದೆಂದು ತಿಳಿಯಬೇಕಾಗಿಲ್ಲ. ಮೊದಲಿಗತನ ಹೋದರೂ ಅರ್ಥವು ದೊರೆಯುತ್ತದೆ. 1859 ಎಂದಾಗ ಆ ಕುಂಡವು ಹಿಂದುಮುಂದಿಲ್ಲದ ಒಂದು ವಿಸ್ಮಯ. 1897 ಎಂದಾಗ ಅದು ತಗ್ಗುನೆಲ, ಹೆಚ್ಚಿದ ನೀರು, ಹೊರಹೋಗದ ಕೊಳೆ ಇವುಗಳಿಂದ ಬಾಧಿತವಾದ ದ್ವೀಪಪಟ್ಟಣದ ಉತ್ತರಗಳಲ್ಲಿ ಒಂದು. ಪರಂಪರೆಯೂ ಅಲ್ಲಿಗೆ ನಿಲ್ಲಲಿಲ್ಲ. ದಾದರಿನ ಶುದ್ಧಿಸ್ಥಾನದಲ್ಲಿಯೂ ಮಲಿನಜಲದಿಂದ ಅನಿಲವನ್ನು ಪಡೆಯಲಾಯಿತು. 1939ರಲ್ಲಿ ದೆಹಲಿಯ ಕೃಷಿಸಂಶೋಧನಾಲಯದಲ್ಲಿ ಎಸ್. ವಿ. ದೇಸಾಯಿಯವರು ಸಗಣಿಯ ಮೇಲೆ ಪ್ರಯೋಗ ನಡೆಸಿದರು. ಹಳ್ಳಿಗಳ ಅಡಿಗೆಮನೆಗಳಲ್ಲಿ ಉರಿದ ಗೋಬರ್ ಗ್ಯಾಸಿನ ಪೂರ್ವಕಥೆ ಹೀಗಿದೆ. ಊರು ಹೊರಗಿಟ್ಟ ರೋಗಿಗಳ ಮಲವೇ ಆ ಬೆಳಕಿನ ಆದ್ಯದ್ರವ್ಯಗಳಲ್ಲಿ ಒಂದಾಗಿತ್ತೆಂಬುದನ್ನು ಚರಿತ್ರಕಾರರು ಸರಿಯಾದ ವರ್ಷದೊಡನೆ ಬರೆದಿಡುವುದು ಉಚಿತವಾಗಿದೆ.