ಮೇಲ್ಮುದ್ದೆಯ ಮನೆ ಮತ್ತು ಮಾಳಿಗೆಯ ಪರೀಕ್ಷೆ

ಮಸ್ಕಿ ಎಂದೊಡನೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅಶೋಕನ ಶಾಸನ ನೆನಪಾಗುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡನೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಆದರೆ ಈ ಸೀಮೆಯ ಜನ ಇಲ್ಲಿನ ಸುಡುಬೇಸಿಗೆಯನ್ನು ಯಾವ ಸೂರಿನ ಕೆಳಗೆ ಕಳೆದರೆಂಬುದೂ ಇತಿಹಾಸವೇ ಅಲ್ಲವೇ? ಅಶೋಕನ ಕಾಲದ ಮಾತನ್ನು ಉತ್ಖನನಕಾರರಿಗೆ ಬಿಡೋಣ. ನಾನು ಬಲ್ಲದ್ದು ಮೇಲ್ಮುದ್ದೆಯ ಮನೆ.

ದಪ್ಪನೆಯ ಗೋಡೆ; ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಹರಡಿದ ಸಣ್ಣ ಕಟ್ಟಿಗೆ, ಸೊಪ್ಪು; ಅದರ ಮೇಲೆ ಸುಮಾರು ಒಂದು ಅಡಿ ಮಣ್ಣು. ಎಲ್ಲಕ್ಕೂ ಮೇಲೆ ಕರಲ ಮಣ್ಣಿನ ಹೊದಿಕೆ. ಮಣ್ಣು ಶಾಖವನ್ನು ಪೂರ್ತಿ ತಡೆಯುವುದಿಲ್ಲ, ತಡಮಾಡುತ್ತದೆ. ನಡುಹಗಲಿನ ಕಾವು ಅಷ್ಟು ದಪ್ಪವನ್ನು ದಾಟಿ ಒಳಗಿಳಿಯುವಷ್ಟರಲ್ಲಿ ರಾತ್ರಿಯಾಗಿ, ಹೊರಗಿನ ಗಾಳಿ ತಂಪಾಗಿರುತ್ತದೆ. ನಾಲ್ಕೈದು ಅಂಗುಲದ ಕಾಂಕ್ರೀಟ್ ಸ್ಲ್ಯಾಬಿನಲ್ಲಾದರೋ ಸಂಜೆಗೇ ಆ ಕಾವು ತಲೆಯ ಮೇಲಿರುತ್ತದೆ.

ಕರಲ ಮಣ್ಣಿನ ಆಯ್ಕೆ ಹಿರಿಯರ ಜಾಣತನ. ಅದರಲ್ಲಿರುವ ಸೋಡಿಯಂ ಲವಣದಿಂದ ಜೇಡಿಯ ಕಣಗಳು ನೀರು ಬಿದ್ದಾಗ ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಇಂಗದೆ ದೋಣಿಯತ್ತ ಹರಿಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಎಷ್ಟೋ ಗದ್ದೆಗಳು ಸವಳಾದವು. ಹೊಲವನ್ನು ಕೆಡಿಸುವ ಆ ಗುಣವೇ ಮಾಳಿಗೆಯನ್ನು ಕಾಯುತ್ತದೆ! ಮೇಲೆ ಹುಲ್ಲು ಹುಟ್ಟಿತೆಂದರೆ ಹಾಕಿದ್ದು ಸರಿಯಾದ ಕರಲಲ್ಲವೆಂದು ಹಿರಿಯರು ಅಲ್ಲಿಯೇ ತೀರ್ಪು ಕೊಡುತ್ತಿದ್ದರು.

ಅವರ ಪರೀಕ್ಷೆಗಳು ಇನ್ನೂ ಇದ್ದವು. ಮುಂಗಾರಿಗೆ ಮುನ್ನ ಕೊಡ ನೀರು ಸುರಿದು ಇಳಿಜಾರು ನೋಡುವುದು. ಜಂತಿಯ ಸಂದಿನಿಂದ ಪುಡಿಮಣ್ಣು ಉದುರಿದರೆ ಗೆದ್ದಲನ್ನು ಹುಡುಕುವುದು. ತೊಲೆಯ ತುದಿ ಗೋಡೆಯೊಳಗೆ ಸೇರುವೆಡೆ ಬಡಿದು ಸದ್ದು ಕೇಳುವುದು. ಟೊಳ್ಳು ಮೊದಲು ಹುಟ್ಟುವುದು ಅಲ್ಲಿಯೇ.

ಆದರೆ ಹಳೆಯದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಹಳೆಯ ಪದರವನ್ನು ಕೆರೆದು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣು ಏರಿಸುವ ರೂಢಿ ಅನೇಕ ಮನೆಗಳಲ್ಲಿತ್ತು. ಲೆಕ್ಕ ಹಾಕಿ ನೋಡಿ: 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯ ಮೇಲೆ ಒಂದು ಅಡಿ ಮಣ್ಣೆಂದರೆ 5ರಿಂದ 6 ಟನ್ ಭಾರ. ನೆನೆದರೆ ಇನ್ನೂ ಹೆಚ್ಚು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಎಡೆಬಿಡದ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಮಣ್ಣಿನ ಮನೆಗಳು ಕುಸಿದವು, ಅವುಗಳಡಿ ಜೀವಗಳೂ ಹೋದವು. ಆ ಬಳಿಕ ಮಾಳಿಗೆಯೆಂದರೆ ಜನ ಬೆದರಿದ್ದರಲ್ಲಿ ಆಶ್ಚರ್ಯವೇನು?

ಲಿಂಗಸುಗೂರು ನಿಜಾಮರ ಕಾಲದಲ್ಲಿ ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ಠಾಣ್ಯವಾಗಿತ್ತು, 1905ರವರೆಗೆ ಜಿಲ್ಲಾ ಕೇಂದ್ರವೂ ಆಗಿತ್ತು. ದಂಡಿನ ನೆಲೆಗೂ ಮನೆಯ ಸೂರಿಗೂ ನಮ್ಮ ಜನ ಛಾವಣಿ ಎಂಬ ಒಂದೇ ಶಬ್ದವನ್ನು ಬಳಸಿದ್ದು ವಿನೋದವೇ ಸರಿ.

ಈಗ ಬಂಧುಗಳಲ್ಲಿ ಕೆಲವರು ಹಿರಿಯರ ಮಾಳಿಗೆಯನ್ನು ಕೆಡವಿ ಸ್ಲ್ಯಾಬ್ ಹಾಕಿಸಬೇಕೆಂದು ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ. ತೊಲೆ ಟೊಳ್ಳಾಗಿದ್ದರೆ ಕೆಡವಿರಿ, ತಡಮಾಡಬೇಡಿ. ಗಟ್ಟಿಯಾಗಿದ್ದರೆ ಹೆಚ್ಚುವರಿ ಮಣ್ಣನ್ನು ಇಳಿಸಿ ಹೊಸ ಕರಲು ಹಾಕಿಸಿರಿ. ಸ್ಲ್ಯಾಬಿನ ಖರ್ಚಿನ ಅಲ್ಪಭಾಗವೂ ಆಗದು. ಸ್ಲ್ಯಾಬೇ ಆದರೆ ಬರಿಯ ಕಾಂಕ್ರೀಟಿಗೆ ಒಪ್ಪಬೇಡಿ. ಮೇಲೆ ಇಟ್ಟಿಗೆಚೂರು ಸುಣ್ಣದ ಗಾರೆ, ಅದರ ಮೇಲೆ ಬಿಳಿಯ ಹೊದಿಕೆ ಇರಲಿ. 2018ರಲ್ಲಿ ಬಂದ ಇಕೋ ನಿವಾಸ ಸಂಹಿತೆಯೂ ಸೂರಿನ ಮೂಲಕ ಇಳಿಯುವ ಶಾಖಕ್ಕೆ ಮಿತಿಯೊಂದನ್ನು ಹೇಳಿದೆ. ಗೌಂಡಿಗೆ ಕೊನೆಯ ಕಂತು ಕೊಡುವ ಮೊದಲು ಎರಡು ದಿನ ಮೇಲೆ ನೀರು ನಿಲ್ಲಿಸಿ ಒಳಗೆ ಕಲೆ ಬಿದ್ದಿದೆಯೇ ನೋಡಿರಿ. ನೀರು ಇಳಿಸಿ ಸೂರು ಚೆನ್ನಾಗಿ ಒಣಗಿದ ಮೇಲೆ, ಬಿಸಿಲಿನ ದಿನವೊಂದರ ಸಂಜೆ ಏಳು ಗಂಟೆಗೆ ಏಣಿ ಹತ್ತಿ ಒಳಮೈಯನ್ನು ಅಂಗೈಯಿಂದ ಮುಟ್ಟಿರಿ. ಕೈ ಹಿಂದೆಗೆಯುವಷ್ಟು ಬಿಸಿಯಿದ್ದರೆ ಗೌಂಡಿಯನ್ನು ಮತ್ತೆ ಮೇಲೆ ಹತ್ತಿಸಿರಿ.